ಬಾಯಮ್ಮನ ಜೋಡಿ ನಳಿಗೆ

ಲೈಸೆನ್ಸು ನವೀಕರಣದ ವಿಚಾರಣೆಗೆ ಬುಧವಾರ ಬೆಳಿಗ್ಗೆ ಪೊಲೀಸಿನವರು ಬರುತ್ತಾರೆಂದು ಠಾಣೆಯಿಂದ ಫೋನು ಬಂದದ್ದರಿಂದ, ಮೊನ್ನೆ ಕೋವಿಯನ್ನು ಕಪಾಟಿನಿಂದ ಹೊರಗೆ ತೆಗೆದೆ. ಬಂದವರ ಎದುರು ತುಕ್ಕು ಹಿಡಿದ ನಳಿಗೆ ತೋರಿಸುವುದು ಮರ್ಯಾದೆಯಲ್ಲ. ಹಳೆಯ ಬನಿಯನಿನ ತುಂಡೊಂದನ್ನು ಹುಡುಕಿ, ಎಣ್ಣೆಯ ಸಣ್ಣ ಸೀಸೆಯ ಮುಚ್ಚಳ ತಿರುಗಿಸಿದ್ದೇ ತಡ, ಆ ವಾಸನೆ ಮೂಗಿಗೆ ಹೊಡೆಯಿತು. ಅದು ಕೋವಿಯ ಎಣ್ಣೆಯಲ್ಲ, ಹೊಲಿಗೆ ಮಿಷನ್ನಿನ ಎಣ್ಣೆ. ಸೀಸೆಯೂ ನನ್ನದಲ್ಲ, ಪಕ್ಕದ ಮನೆಯ ಬಾಯಮ್ಮನದ್ದು. ಅದರ ಹಿಂದೆಯೇ ಮಲ್ಲಿಗೆ ಮೊಗ್ಗಿನ ವಾಸನೆಯೂ ಬಂದ ಹಾಗಾಯಿತು... ಈಗ ನಮ್ಮ ಸುತ್ತ ಮಲ್ಲಿಗೆಯ ಒಂದು ಗಿಡವೂ ಇಲ್ಲ.

ಕಾಪುವಿನಿಂದ ಒಳಗೆ ಹೋಗುವ ರಸ್ತೆಯಲ್ಲಿ ನಮ್ಮದು ಮತ್ತು ಅವರದು ಅಕ್ಕಪಕ್ಕದ ಮನೆಗಳು. ನಡುವೆ ಬೇಲಿ ಎಂದು ಹೇಳಲಿಕ್ಕೆ ಒಂದು ಸಾಲು ದಾಸವಾಳ ಇತ್ತು, ಅಷ್ಟೇ. ನಮ್ಮ ಕಡೆ ಕ್ರಿಶ್ಚಿಯನ್ ಮನೆಯ ಹಿರಿಯ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ನಾನೂ ಹಾಗೆಯೇ ಕರೆದೆ, ನನ್ನ ಹೆಂಡತಿಯೂ ಹಾಗೆಯೇ ಕರೆದಳು. ಅವರ ಗಂಡ ಹಡಗಿನ ಕೆಲಸದಲ್ಲಿದ್ದವರು, ಬೇಗ ತೀರಿಕೊಂಡವರು. ನಾನು ಅವರನ್ನು ನೋಡಿದವನಲ್ಲ. ಮಕ್ಕಳಿರಲಿಲ್ಲ. ಅಂಗಳದ ತುಂಬ ಮಲ್ಲಿಗೆ ಗಿಡ, ಚಾವಡಿಯಲ್ಲಿ ಒಂದು ಹೊಲಿಗೆ ಮಿಷನ್, ಒಳಗಿನ ಕೋಣೆಯ ಕಪಾಟಿನಲ್ಲಿ ತಂದೆಯಿಂದ ಬಂದ ಜೋಡಿ ನಳಿಗೆಯ ಕೋವಿ. ತವರು ಅಜೆಕಾರಿನ ಕಡೆ. ಅಲ್ಲಿ ಗದ್ದೆಗೆ ಬರುವ ಹಂದಿಯನ್ನು ಓಡಿಸಲು ತಂದೆ ಇಟ್ಟುಕೊಂಡಿದ್ದ ಕೋವಿ ಅದು. ಗಂಡು ಮಕ್ಕಳು ಬೇಡ ಎಂದದ್ದನ್ನು ಈ ಮಗಳು ತನ್ನ ಹೆಸರಿಗೆ ಲೈಸೆನ್ಸು ಮಾಡಿಸಿಕೊಂಡು ಬಸ್ಸಿನಲ್ಲಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ತಂದಿದ್ದರಂತೆ. ಕಂಡಕ್ಟರು "ಎಂತ ಬಾಯಮ್ಮ ಅದು?" ಎಂದು ಕೇಳಿದ್ದಕ್ಕೆ "ನನ್ನ ಅಪ್ಪ" ಎಂದಿದ್ದರಂತೆ. ಈ ಕತೆಯನ್ನು ನನ್ನ ಹೆಂಡತಿ ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಪ್ರತಿ ಸಲವೂ ಹೇಳುವಾಗ ಅವಳ ಮುಖ ಅರಳುತ್ತಿತ್ತು, ನನ್ನ ಹೊಟ್ಟೆ ಉರಿಯುತ್ತಿತ್ತು.

ಹೌದು, ಹೊಟ್ಟೆಕಿಚ್ಚು. ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನು ಪ್ರಯೋಜನ? ನಾನು ಮಸ್ಕತ್ತಿನಲ್ಲಿ ಹತ್ತೊಂಬತ್ತು ವರ್ಷ ಸ್ಟೋರ್‌ಕೀಪರ್ ಆಗಿದ್ದವನು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದೆ, ನೆಂಟನ ಹಾಗೆ ಉಂಡು ಹೋಗುತ್ತಿದ್ದೆ. ಎಲ್ಲ ಬಿಟ್ಟು ಊರಿಗೆ ಬಂದು ನೋಡಿದರೆ ನನ್ನ ಮನೆಯಲ್ಲಿ ನಾನು ಕೂರಬೇಕಾದ ಜಾಗದಲ್ಲಿ ಬಾಯಮ್ಮ ಕೂತಾಗಿತ್ತು. ಮಗಳಿಗೆ ಜ್ವರ ಬಂದರೆ ಬಾಯಮ್ಮನನ್ನು ಕೇಳಬೇಕು. ಬಾವಿಗೆ ಪಂಪು ಹಾಕಿಸಬೇಕಾದರೆ ಬಾಯಮ್ಮನನ್ನು ಕೇಳಬೇಕು. ಮಗಳ ಮದುವೆಯ ಮಾತುಕತೆಯ ದಿನ ಗಂಡಿನ ಕಡೆಯವರು ಹೋದ ಮೇಲೆ ನನ್ನ ಹೆಂಡತಿ ನನ್ನ ಮುಖ ನೋಡಲಿಲ್ಲ, ದಾಸವಾಳದ ಸಾಲು ದಾಟಿ ಆಚೆ ಹೋದಳು. ನನ್ನ ಮಾತಿಗೆ ಮನೆಯಲ್ಲಿ ಕವಡೆ ಕಿಮ್ಮತ್ತು ಇರಲಿಲ್ಲ. ಬಾಯಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗೂ ಇರಲಿಲ್ಲ, ಯಾಕೆಂದರೆ ನಾನಿಲ್ಲದ ವರ್ಷಗಳಲ್ಲಿ ನನ್ನ ಮನೆಯನ್ನು ನೋಡಿಕೊಂಡವರು ಅವರೇ. ಅದೇ ಹೆಚ್ಚು ಉರಿಯುವ ವಿಷಯ.

ಒಂದು ಮೇ ತಿಂಗಳಲ್ಲಿ ನಮ್ಮಿಂದ ನಾಲ್ಕು ಮನೆ ಆಚೆ ಕಳ್ಳತನವಾಯಿತು. ಮನೆಯವರು ಮದುವೆಗೆ ಹೋಗಿದ್ದಾಗ ಹಿಂಬಾಗಿಲು ಮುರಿದು ನುಗ್ಗಿದ್ದರು. ಆಮೇಲೆ ನನ್ನ ಹೆಂಡತಿಗೆ ಎಲೆ ಅಲ್ಲಾಡಿದರೂ ಭಯ. ನಾನು ಧೈರ್ಯ ಹೇಳಲು ಹೋದೆ.

"ಬಾಯಮ್ಮ ಇದ್ದಾರಲ್ಲ" ಎಂದು ಅವಳೇ ನನಗೆ ಧೈರ್ಯ ಹೇಳಿದಳು. "ಅವರ ಹತ್ತಿರ ಬೆಡಿ ಉಂಟು."

ಬೆಡಿ ಎಂದರೆ ತುಳುವಿನಲ್ಲಿ ಕೋವಿ. "ಮತ್ತೆ ನಾನು ಎಂತಕ್ಕೆ ಇರುವುದು?" ಎಂದೆ.

"ನೀವೂ ಇದ್ದೀರಿ ಅಲ್ವಾ" ಎಂದಳು, ಊಟಕ್ಕೆ ಉಪ್ಪಿನಕಾಯಿಯೂ ಉಂಟು ಎನ್ನುವ ಹಾಗೆ.

ಆ ದಿನವೇ ತೀರ್ಮಾನಿಸಿದೆ. ನನ್ನ ಹೆಂಡತಿಗೆ ಧೈರ್ಯ ಪಕ್ಕದ ಮನೆಯಿಂದ ಬರಬಾರದು, ನನ್ನಿಂದ ಬರಬೇಕು. ಮನೆಯ ರಕ್ಷಣೆಗೆಂದು ಮಣಿಪಾಲದ ಡಿಸಿ ಆಫೀಸಿನಲ್ಲಿ ಅರ್ಜಿ ಕೊಟ್ಟೆ. ಫೋಟೊ, ಡಾಕ್ಟರ ಸರ್ಟಿಫಿಕೇಟು, ತರಬೇತಿಯ ಕಾಗದ, ಎಲ್ಲಕ್ಕೂ ಓಡಾಡಿದೆ. ಕೊನೆಗೆ ನೆರೆಯವರ ಹೇಳಿಕೆ ಬೇಕೆಂದು ಠಾಣೆಯಿಂದ ಒಬ್ಬ ಪೇದೆ ಬಂದರು. ನಮ್ಮ ನೆರೆ ಎಂದರೆ ಇನ್ಯಾರು? ಬಾಯಮ್ಮನ ಚಾವಡಿಯಲ್ಲಿ ಅವರು ಅರ್ಧ ಗಂಟೆ ಕೂತದ್ದನ್ನು ಕಿಟಕಿಯಿಂದ ನೋಡಿದೆ. ಚಹಾ ಕುಡಿದರು, ಬಾಯಮ್ಮ ಏನೋ ಹೇಳಿ ಜೋರಾಗಿ ನಕ್ಕರು. ಅದರ ಹಿಂದಿನ ಬೇಸಗೆಯಲ್ಲಿ ಪಂಚಾಯತಿನ ನೀರಿನ ಪೈಪಿನ ಗಲಾಟೆಯಲ್ಲಿ ನಾನು ಒಬ್ಬನ ಕಾಲರ್ ಹಿಡಿದಿದ್ದೆ. ಅದನ್ನು ಹೇಳಿಯೇ ಹೇಳುತ್ತಾರೆ, ಇಡೀ ವಠಾರಕ್ಕೆ ತಾನೊಬ್ಬಳೇ ಬೆಡಿಯವಳಾಗಿ ಇರಬೇಕೆಂದು ಅವರಿಗೆ ಆಸೆ ಇರಬೇಕು ಎಂದುಕೊಂಡೆ. ಕಳ್ಳನ ಮನಸ್ಸು ಹುಳ್ಳಗೆ ಎನ್ನುತ್ತಾರಲ್ಲ, ನನ್ನ ಬುದ್ಧಿಯನ್ನೇ ಅವರಿಗೂ ಅಂಟಿಸಿದೆ.

ಆದರೆ ಲೈಸೆನ್ಸು ಬಂತು. ಕೋವಿ ಆರಿಸಲು ಅಂಗಡಿಗೆ ಹೊರಟಾಗ ನನ್ನ ಹೆಂಡತಿ, "ನಿಮಗೆ ಎಂತ ಗೊತ್ತುಂಟು ಅದರ ವಿಷಯ? ಬಾಯಮ್ಮನನ್ನು ಕರ್ಕೊಂಡು ಹೋಗಿ" ಎಂದಳು. ಬೇಡ ಎಂದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತದೆ. ಕರೆದುಕೊಂಡು ಹೋದೆ.

ಅಂಗಡಿಯವರು ಮೊದಲು ನನ್ನ ಎದುರು ಒಂದು ರಿವಾಲ್ವರ್ ಇಟ್ಟರು. ಅಂಗೈಯಲ್ಲಿ ಎಷ್ಟು ಚಂದ ಕೂತಿತು! ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಪು ಪೇಟೆಯಲ್ಲಿ ನಡೆಯುವ ನನ್ನನ್ನು ಆಗಲೇ ಮನಸ್ಸಿನಲ್ಲಿ ನೋಡಿಯಾಗಿತ್ತು. ಬಾಯಮ್ಮ ಅದನ್ನು ನನ್ನ ಕೈಯಿಂದ ತೆಗೆದು ಮೇಜಿನ ಮೇಲೆ ಇಟ್ಟರು.

"ಸಣ್ಣದು ಬೇಡ ಮಾರಾಯ. ಸಣ್ಣದಾದರೆ ದಿಂಬಿನ ಅಡಿಯಲ್ಲಿ ಇಡ್ಲಿಕ್ಕೆ ಮನಸ್ಸಾಗ್ತದೆ. ಕೋಪ ಬಂದ ಕೂಡಲೇ ಕೈಗೆ ಸಿಗ್ತದೆ. ಉದ್ದದ್ದಾದರೆ ಬೀಗ ತೆಗೀಬೇಕು, ಬಟ್ಟೆ ಬಿಚ್ಚಬೇಕು, ತೋಟೆ ಹುಡುಕ್ಬೇಕು. ಅಷ್ಟು ಹೊತ್ತಿಗೆ ಬುದ್ಧಿ ಬರ್ತದೆ."

ಅಂಗಡಿಯವರು ತಲೆಯಾಡಿಸಿದರು. ಬಾಯಮ್ಮ ಒಂಟಿ ನಳಿಗೆಯ ಒಂದನ್ನು ಎತ್ತಿ, ನನ್ನ ಭುಜಕ್ಕೆ ಕೊಟ್ಟು, ನನ್ನ ಕತ್ತನ್ನು ಮಕ್ಕಳ ಕತ್ತಿನ ಹಾಗೆ ಹಿಡಿದು ಬಗ್ಗಿಸಿ ನೋಡಿದರು. "ಇದು ನಿನಗೆ ಸರಿ. ಹಗುರ ಉಂಟು, ಗಿಡ್ಡ ಉಂಟು. ಮನೆಯ ಒಳಗೆ ತಿರುಗಿಸ್ಲಿಕ್ಕೆ ಆಗ್ತದೆ."

ಒಂಟಿ! ತನಗೆ ಜೋಡಿ, ನನಗೆ ಒಂಟಿ. ತನಗೆ ಉದ್ದದ್ದು, ನನಗೆ ಗಿಡ್ಡದ್ದು. ಅಂಗಡಿಯವರ ಎದುರು ಮೈಯೆಲ್ಲ ಉರಿದುಹೋಯಿತು. "ಜೋಡಿ ನಳಿಗೆಯದ್ದೇ ಕೊಡಿ" ಎಂದೆ. "ಇವರ ಹತ್ತಿರ ಇರುವುದಕ್ಕಿಂತ ಉದ್ದದ್ದು ಉಂಟಾ?" ಬಾಯಮ್ಮ ನನ್ನನ್ನು ಒಮ್ಮೆ ನೋಡಿದರು. ಹೋಗಿ ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕೂತರು.

ಮನೆಗೆ ತಂದ ದಿನ ಹೆಂಡತಿಗೆ ತೋರಿಸಲೆಂದು ಅಡುಗೆಮನೆಯ ಓಣಿಯಲ್ಲಿ ನಿಂತು ಭುಜಕ್ಕೆ ಏರಿಸಿದೆ. ಬಾಗಿಲ ಕಡೆ ಗಕ್ಕನೆ ತಿರುಗಿದೆ. ನಳಿಗೆಯ ತುದಿ ಹೋಗಿ ಗೋಡೆಗೆ ಹೊಡೆಯಿತು, ಮಸ್ಕತ್ತಿನಿಂದ ತಂದ ಗಡಿಯಾರ ಕೆಳಗೆ ಬಿದ್ದು ಪುಡಿಪುಡಿಯಾಯಿತು. ಕಳ್ಳ ಬಂದರೆ ಅವನನ್ನು ಮೊದಲು ಅಂಗಳಕ್ಕೆ ಕರೆದು ನಿಲ್ಲಿಸಬೇಕು, ಹಾಗಿತ್ತು ನಾನು ಆರಿಸಿದ ಕೋವಿ. ನನ್ನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಗುತ್ತ ದಾಸವಾಳದ ಆಚೆ ಓಡಿದಳು. ಆಚೆಯಿಂದ ಇಬ್ಬರ ನಗು ಎಷ್ಟೋ ಹೊತ್ತು ಕೇಳುತ್ತಿತ್ತು. ಗಾಜು ಗುಡಿಸುತ್ತ ನಾನು ಹಲ್ಲು ಕಚ್ಚಿದೆ.

ಆ ವರ್ಷದ ಆಯುಧ ಪೂಜೆಗೆ ಕೋವಿಯನ್ನೂ ಕಾರಿನ ಪಕ್ಕದಲ್ಲಿ ಮಣೆಯ ಮೇಲಿಟ್ಟು ಗಂಧ ಹಚ್ಚಿದೆ. ಬಾಯಮ್ಮ ಬೆಳಿಗ್ಗೆಯೇ ಒಂದು ಚೆಂಡು ಮಲ್ಲಿಗೆ ತಂದು ಕೊಟ್ಟರು. "ನಿನ್ನ ಬೆಡಿಗೆ" ಎಂದರು. ಹಬ್ಬದ ದಿನ ಮಲ್ಲಿಗೆಗೆ ಎಂಥ ಬೇಡಿಕೆ ಇರುತ್ತದೆಂದು ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ. ನಾನು ಅದನ್ನು ಹೆಂಡತಿಯ ಕೈಗೆ ಕೊಟ್ಟು, ಕೋವಿಗೆ ಅಂಗಡಿಯಿಂದ ತಂದ ಸೇವಂತಿಗೆ ಹಾಕಿದೆ. ಅಷ್ಟು ಸಣ್ಣ ಮನುಷ್ಯ ನಾನು.

ಮರುವರ್ಷ ಒಂದು ದಿನ ಬೆಳಿಗ್ಗೆ ಮಲ್ಪೆಗೆ ಮೀನಿಗೆ ಹೋಗಿದ್ದೆ. ಬಂಗುಡೆಯ ಚೀಲ ಹಿಡಿದು ಹಿಂದೆ ಬಂದು ನೋಡಿದರೆ ನಮ್ಮ ಅಂಗಳದಲ್ಲಿ ಹತ್ತಾರು ಜನ. ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಾಯಮ್ಮ. ಅವರ ತೊಡೆಯ ಮೇಲೆ ಅಡ್ಡಲಾಗಿ ಜೋಡಿ ನಳಿಗೆ, ತೋಟೆ ಹಾಕುವ ಜಾಗ ಬಾಯಿ ತೆರೆದುಕೊಂಡು, ಒಳಗೆ ಏನೂ ಇಲ್ಲದೆ. ಕೋವಿಯ ಮೇಲೆಯೇ ಮೊಗ್ಗು ಹರಡಿಕೊಂಡು ಅವರು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ನನ್ನ ಹೆಂಡತಿ ಅವರ ಕಾಲ ಬಳಿ ಕೂತಿದ್ದಳು.

ನಡೆದದ್ದು ಇಷ್ಟು. ಗ್ಯಾಸ್ ಒಲೆ ಪರೀಕ್ಷೆ ಮಾಡುವವರು ಎಂದು ಹೇಳಿಕೊಂಡು ಇಬ್ಬರು ಬಂದಿದ್ದಾರೆ. ಒಬ್ಬ ಅಡುಗೆಮನೆಗೆ ಹೋದ, ಇನ್ನೊಬ್ಬ ಮಲಗುವ ಕೋಣೆಯ ಕಡೆ ಹೋದ. ಇವಳು ಯಾಕೆ ಅತ್ತ ಹೋಗುತ್ತೀರಿ ಎಂದಾಗ ಅವನು ಕೈ ಹಿಡಿದು ನೂಕಿದ್ದಾನೆ. ಇವಳು ಕೂಗಿದಳು. ಯಾರ ಹೆಸರು ಹಿಡಿದು ಕೂಗಿದಳೆಂದು ಬೇರೆ ಹೇಳಬೇಕೆ? ಬಾಯಮ್ಮ ಬಂದು ಬಾಗಿಲಲ್ಲಿ ನಿಂತರು. ಗುರಿ ಇಡಲಿಲ್ಲ, ಬೈಯಲಿಲ್ಲ. ತೋಳಿನಲ್ಲಿ ಕೋವಿ ಹಿಡಿದುಕೊಂಡು "ಐಡಿ ಕಾರ್ಡು ತೋರಿಸಿ ನೋಡುವ" ಎಂದರಂತೆ. ಇಬ್ಬರೂ ಚೀಲ ಅಲ್ಲೇ ಬಿಟ್ಟು ಹಿಂದಿನ ಗದ್ದೆಗೆ ಹಾರಿ ಓಡಿದ್ದರು.

"ಬಾಯಮ್ಮ ಇಲ್ಲದಿದ್ರೆ ನನ್ನ ಕತೆ ಎಂತ ಆಗ್ತಿತ್ತು!" ಎಂದು ಅಳುತ್ತ ನನ್ನ ಹೆಂಡತಿ ನನ್ನ ಕಡೆ ತಿರುಗಿದಳು. "ನಿಮ್ಮ ಬೆಡಿಯ ಬೀಗದ ಕೈ ಎಲ್ಲಿತ್ತು?"

ಬೀಗದ ಕೈ ನನ್ನ ಪ್ಯಾಂಟಿನ ಕಿಸೆಯಲ್ಲಿತ್ತು. ಮಲ್ಪೆಯ ಬಂದರನ್ನೆಲ್ಲ ಸುತ್ತಿ ಬಂದಿತ್ತು. ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಬಾಯಮ್ಮ ಮಾತ್ರ ನಗಲಿಲ್ಲ. "ಬೀಗದ ಕೈ ಕಿಸೆಯಲ್ಲಿ ಇಡ್ಬೇಕಾದ್ದೇ. ಕಾನೂನು ಹಾಗೇ ಉಂಟು" ಎಂದು ನನ್ನ ಪರವಾಗಿ ಮಾತನಾಡಿದರು. ಅವರು ನಕ್ಕಿದ್ದರೆ ಒಳ್ಳೆಯದಿತ್ತು.

ಇನ್ನು ಬರೆಯಬೇಕಾದದ್ದನ್ನು ಈ ಬುಧವಾರದವರೆಗೆ ಯಾರಿಗೂ ಹೇಳಿರಲಿಲ್ಲ...

ಅದಾಗಿ ಕೆಲವು ತಿಂಗಳಲ್ಲಿ ಬಾಯಮ್ಮನ ಲೈಸೆನ್ಸು ನವೀಕರಣಕ್ಕೆ ಬಂತು. ಈ ಸಲ ಆ ಪೇದೆ ನಮ್ಮ ಚಾವಡಿಗೆ ಬಂದು ಕೂತರು. ಹೆಂಡತಿ ಮನೆಯಲ್ಲಿರಲಿಲ್ಲ. ಬಾಯಮ್ಮ ಹೇಗೆ, ಯಾರೊಂದಿಗಾದರೂ ಜಗಳ ಉಂಟಾ ಎಂದು ಕೇಳಿದರು. ಇಲ್ಲ ಎಂದೆ. ಒಳ್ಳೆಯವರು ಎಂದೆ. ಅವರು ಬರೆದುಕೊಂಡು ಏಳುತ್ತ, ಚಪ್ಪಲಿ ಹಾಕುತ್ತ ಸುಮ್ಮನೆ ಎಂಬಂತೆ ಕೇಳಿದರು.

"ವಯಸ್ಸಾಯ್ತಲ್ಲ, ಕಣ್ಣು ಎಲ್ಲ ಸರಿ ಉಂಟಲ್ಲ?"

ಸರಿ ಇಲ್ಲವೆಂದು ನನಗೆ ಗೊತ್ತಿತ್ತು. ಆ ವರ್ಷ ಅವರು ಮೊಗ್ಗನ್ನು ನೋಡಿ ಕೊಯ್ಯುತ್ತಿರಲಿಲ್ಲ, ಮುಟ್ಟಿ ಕೊಯ್ಯುತ್ತಿದ್ದರು. ಮಿಷನ್ನಿನ ಸೂಜಿಗೆ ನೂಲು ಹಾಕಲು ನನ್ನ ಹೆಂಡತಿಯನ್ನು ಕರೆಯುತ್ತಿದ್ದರು. ಹಾಗಂತ ಕಣ್ಣು ಪೂರ್ತಿ ಹೋದದ್ದೂ ಅಲ್ಲ. ನನಗೆ ಅಂಗಡಿಯ ಆ ಒಂಟಿ ನಳಿಗೆ ನೆನಪಾಯಿತು, ಕಿಸಕ್ಕೆಂದವರು ನೆನಪಾದರು.

"ಈಗ ಸ್ವಲ್ಪ ಕಡಿಮೆ" ಎಂದೆ.

ಆ ಮೂರು ಶಬ್ದಕ್ಕಿಂತ ಹೆಚ್ಚು ಹೇಳಲೂ ಇಲ್ಲ. ಅವರು ಚಪ್ಪಲಿ ಬಿಟ್ಟು ಮತ್ತೆ ಕೂತು, ಅದನ್ನೂ ಬರೆದುಕೊಂಡರು. ಮಳೆಗಾಲ ಮುಗಿಯುವ ಹೊತ್ತಿಗೆ ಬಾಯಮ್ಮನಿಗೆ ಕಾಗದ ಬಂತು. ನವೀಕರಣ ಆಗುವುದಿಲ್ಲ, ಕೋವಿಯನ್ನು ಠಾಣೆಗೆ ಒಪ್ಪಿಸಬೇಕು.

ನನ್ನ ಹೆಂಡತಿ ಎರಡು ದಿನ ಅತ್ತಳು. ನನಗೆ ಖುಷಿಯಾಯಿತೇ? ಆಯಿತು. ಸುಳ್ಳು ಯಾಕೆ ಹೇಳಲಿ? ಇನ್ನು ವಠಾರಕ್ಕೆಲ್ಲ ಬೆಡಿಯವನು ನಾನೊಬ್ಬನೇ ಎಂದು ಕನ್ನಡಿಯ ಎದುರು ನಿಂತು ಮೀಸೆ ಸವರಿಕೊಂಡೆ. ಮೂರನೆಯ ದಿನ ಬಾಯಮ್ಮ ಬಂದು, "ನಿನ್ನ ಕಾರಿನಲ್ಲಿ ನನ್ನನ್ನು ಸ್ಟೇಷನಿಗೆ ಬಿಡ್ತೀಯಾ? ಬಸ್ಸಿನ ಮೆಟ್ಟಿಲು ಈಗ ಅಂದಾಜು ಆಗುದಿಲ್ಲ" ಎಂದರು. ಅದೇ ಹಳೆಯ ಬೆಡ್‌ಶೀಟಿನಲ್ಲಿ ಕೋವಿಯನ್ನು ಸುತ್ತಿ, ಮಗುವನ್ನು ಕೂರಿಸಿಕೊಂಡ ಹಾಗೆ ಮಡಿಲಲ್ಲಿ ಇಟ್ಟುಕೊಂಡು ನನ್ನ ಪಕ್ಕ ಕೂತರು. ಕಾರಿನ ತುಂಬ ಮಿಷನ್ ಎಣ್ಣೆಯ ವಾಸನೆ. ಬೆಳಿಗ್ಗೆ ಕೂತು ಚೆನ್ನಾಗಿ ಒರೆಸಿದ್ದರು, ಒಪ್ಪಿಸುವ ಕೋವಿಯನ್ನು.

ಅರ್ಧ ದಾರಿ ಕಳೆಯಿತು. ಆಮೇಲೆ ಅವರು ಕಿಟಕಿಯ ಕಡೆ ನೋಡುತ್ತ ಹೇಳಿದರು.

"ನೀನು ಹೇಳಿದ್ದನ್ನು ಪೇದೆ ನನಗೆ ಹೇಳಿದ್ರು. ಸುಳ್ಳಲ್ಲ ಮಾರಾಯ. ಕಣ್ಣು ಕಡಿಮೆಯೇ. ಆದ್ರೆ ಮೊದಲು ನನಗೆ ಹೇಳ್ಬಹುದಿತ್ತು ನೀನು. ನಾನೇ ಹೋಗಿ ಕೊಟ್ಟು ಬರ್ತಿದ್ದೆ."

ಕ್ಷಮಿಸಿ ಎನ್ನಬೇಕಿತ್ತು. ಎನ್ನಲಿಲ್ಲ. ಗೇರು ಬದಲಿಸಿದೆ.

ಠಾಣೆಯಲ್ಲಿ ಅದೇ ಪೇದೆ ಇದ್ದರು. ಬಾಯಮ್ಮ ಹೆಬ್ಬೆರಳಿನಿಂದ ತಡವಿ ಗುರುತು ಮಾಡಿಕೊಂಡು ಸಹಿ ಹಾಕುತ್ತಿದ್ದಾಗ, ಅವರು ನನ್ನನ್ನು ಬದಿಗೆ ಕರೆದು ನಗುತ್ತ ಹೇಳಿದರು.

"ನಿಮಗೆ ಲೈಸೆನ್ಸು ಆದದ್ದೇ ಇವರಿಂದ, ಗೊತ್ತುಂಟಾ? ನಿಮ್ಮ ಪೈಪಿನ ಗಲಾಟೆಯ ತಕರಾರು ಬಂದಿತ್ತು. ಕೊಡುವುದು ಬೇಡ ಅಂತಲೇ ಇತ್ತು. ಇವರು ನನ್ನನ್ನು ಅರ್ಧ ಗಂಟೆ ಬಿಡ್ಲಿಲ್ಲ. ‘ಹತ್ತೊಂಬತ್ತು ವರ್ಷ ಮರುಭೂಮಿಯಲ್ಲಿ ಒಬ್ಬನೇ ಇದ್ದು ಮನೆ ಕಟ್ಟಿದವ, ಅವನಿಗೆ ಅವನ ಮನೆ ಕಾಯ್ಲಿಕ್ಕೆ ಬಿಡಿ. ಅವನ ಬೆಡಿಗೆ ನಾನು ಜವಾಬು’ ಅಂದರು. ಹಾಗೇ ಬರೆಸಿ ಸಹಿ ಹಾಕಿದ್ದಾರೆ."

ಅವರು ನಕ್ಕ ಆ ಅರ್ಧ ಗಂಟೆ. ಕಿಟಕಿಯ ಹಿಂದೆ ನಿಂತು ನಾನು ಹಲ್ಲು ಕಡಿದ ಆ ಅರ್ಧ ಗಂಟೆ.

ಹಿಂದೆ ಬರುವಾಗ ಬಾಯಮ್ಮನ ಮಡಿಲಲ್ಲಿ ಖಾಲಿ ಬೆಡ್‌ಶೀಟು ಮಡಚಿ ಇತ್ತು. ಇಳಿಯುವಾಗ ಚೀಲದಿಂದ ಎಣ್ಣೆಯ ಸೀಸೆ ತೆಗೆದು ನನ್ನ ಕೈಗೆ ಇಟ್ಟರು. "ತಿಂಗಳಿಗೊಮ್ಮೆ ಒರೆಸು. ಉಪ್ಪು ಗಾಳಿ ಬೇಗ ತಿನ್ನುತ್ತದೆ" ಎಂದು ಹೇಳಿ, ಕೈಯಿಂದ ಗೇಟು ಹುಡುಕಿಕೊಂಡು ಒಳಗೆ ಹೋದರು.

ನನ್ನ ಲೆಕ್ಕಾಚಾರದ ಪ್ರಕಾರ ಇನ್ನು ನನ್ನ ಹೆಂಡತಿ ಧೈರ್ಯಕ್ಕೆ ನನ್ನ ಹತ್ತಿರ ಬರಬೇಕಿತ್ತು. ಬರಲಿಲ್ಲ. ಗುಡುಗಿದರೆ, ನಾಯಿ ಬೊಗಳಿದರೆ, ಅಪರಿಚಿತ ಬೈಕು ನಿಂತರೆ, ಕೋವಿ ಇರುವ ಮನೆಯಿಂದ ಎದ್ದು ಕೋವಿ ಇಲ್ಲದ ಮನೆಗೆ ಹೋಗಿ ಕೂರುತ್ತಿದ್ದಳು. ನಾನು ಅಷ್ಟು ವರ್ಷ ಒಂದು ಕಬ್ಬಿಣದ ಕೊಳವೆಯ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ, ಪಡಬೇಕಾದದ್ದು ಬೇರೆಯೇ ಇತ್ತು. ಎರಡು ಮಳೆಗಾಲ ಕಳೆದು ಬಾಯಮ್ಮ ಹೋದರು. ಕೊನೆಯ ಹತ್ತು ದಿನ ಮಣಿಪಾಲದ ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತವಳು ನನ್ನ ಹೆಂಡತಿಯೇ. ನಾನು ಊಟದ ಬುತ್ತಿ ತೆಗೆದುಕೊಂಡು ಹೋಗಿ ಬರುತ್ತಿದ್ದೆ. ಬಾಗಿಲಲ್ಲಿ ನಿಲ್ಲುತ್ತಿದ್ದೆ, ಹೇಳಬೇಕೆಂದುಕೊಳ್ಳುತ್ತಿದ್ದೆ...

ಮನೆಯನ್ನು ಅವರ ಕಡೆಯವರು ಮಾರಿದರು. ಕೊಂಡವರು ದಾಸವಾಳವನ್ನೂ ಮಲ್ಲಿಗೆಯನ್ನೂ ಕಿತ್ತು ಆಳೆತ್ತರದ ಕಾಂಪೌಂಡು ಕಟ್ಟಿಸಿ, ನಾಲ್ಕು ಮೂಲೆಗೆ ಕ್ಯಾಮೆರಾ ಹಾಕಿಸಿದ್ದಾರೆ. ಅವುಗಳಲ್ಲಿ ಒಂದು ನಮ್ಮ ಅಂಗಳವನ್ನೇ ನೋಡುತ್ತದೆ. ಅವರ ಹೆಸರು ನನಗೆ ಗೊತ್ತಿಲ್ಲ, ನನ್ನದು ಅವರಿಗೆ ಗೊತ್ತಿಲ್ಲ.

ಬುಧವಾರ ಪೊಲೀಸಿನವರು ಬಂದರು. ಹೊಸಬ, ನನ್ನ ಮಗಳ ಪ್ರಾಯದವನು. ಒರೆಸಿಟ್ಟ ಕೋವಿಯನ್ನು ನೋಡಿ ನಂಬರ್ ಬರೆದುಕೊಂಡ. "ನೆರೆಯವರ ಹೇಳಿಕೆ ಬೇಕಿತ್ತು. ಪಕ್ಕದವರು ಬೆಲ್ ಮಾಡಿದರೆ ಬಾಗಿಲು ತೆಗೀಲಿಲ್ಲ. ನಿಮ್ಮ ಬಗ್ಗೆ ಹೇಳುವವರು ಬೇರೆ ಯಾರಿದ್ದಾರೆ?" ಎಂದು ಕೇಳಿದ.

ನಾನು ಪಕ್ಕದ ಮನೆಯ ಕಾಂಪೌಂಡಿನ ಕಡೆ ನೋಡಿದೆ. ನನ್ನ ಹೆಂಡತಿ ಚಹಾದ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಹೋಗಲಿ, ನೋಡುವ. ಕಣ್ಣೆಲ್ಲ ಸರಿ ಉಂಟಲ್ಲ ನಿಮ್ಮದು?" ಎಂದ.

"ಈಗ ಸ್ವಲ್ಪ ಕಡಿಮೆ" ಎಂದೆ. "ಬರೆದುಕೊಳ್ಳಿ. ಕೋವಿಯನ್ನು ನಾನೇ ತಂದು ಒಪ್ಪಿಸುತ್ತೇನೆ."

ಅವನು ಹೋದ ಮೇಲೆ ಅವಳ ಮುಖ ನೋಡಲಾಗದೆ, ಎಣ್ಣೆಯ ಸೀಸೆಯನ್ನು ನೋಡುತ್ತ ಹೇಳಿಬಿಟ್ಟೆ. ಅವತ್ತು ಬಾಯಮ್ಮನ ಕಣ್ಣಿನ ವಿಷಯ ಪೊಲೀಸಿನವರಿಗೆ ಹೇಳಿದ್ದು ನಾನೇ ಎಂದೆ. ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ.

"ಗೊತ್ತುಂಟು" ಎಂದಳು ಅವಳು. "ಬಾಯಮ್ಮ ಅವತ್ತೇ ಹೇಳಿದ್ರು. ನಿಮ್ಮ ಹತ್ತಿರ ಕೇಳ್ಬಾರ್ದು, ನೀವಾಗಿ ಹೇಳುವವರೆಗೆ ಕಾಯ್ಬೇಕು ಅಂತ ನನ್ನಿಂದ ಮಾತು ತಗೊಂಡಿದ್ರು."

ತಣ್ಣಗಾದ ಚಹಾ ಬಿಸಿ ಮಾಡಲು ಅವಳು ಒಳಗೆ ಹೋದಳು. ಇಷ್ಟು ವರ್ಷ ಒಂದೇ ತಟ್ಟೆಯ ಎದುರು ಕೂತು ಉಂಡವಳು, ಬಾಯಮ್ಮನಿಗೆ ಕೊಟ್ಟ ಮಾತನ್ನು ಒಂದು ದಿನವೂ ಮುರಿದಿರಲಿಲ್ಲ. ನನಗೆ ಕೊಟ್ಟ ಯಾವ ಮಾತನ್ನಾದರೂ ಅವಳು ಹೀಗೆ ಕಾದಿಟ್ಟಿದ್ದಾಳೆಯೇ? ಸತ್ತವರ ಮೇಲೂ ಹೊಟ್ಟೆಕಿಚ್ಚು ಪಡಬಹುದು ಎಂದು ಬುಧವಾರ ಗೊತ್ತಾಯಿತು. ಸೀಸೆಯ ಮುಚ್ಚಳ ಬಿಗಿಯಾಗಿ ತಿರುಗಿಸಿ, ಅದನ್ನು ಕೋವಿಯ ಜತೆ ಕೊಡದೆ, ಕಪಾಟಿನಲ್ಲಿ ಅದು ಇದ್ದ ಜಾಗದಲ್ಲೇ ಇಟ್ಟೆ.